ಕಾಲು ಬಿಟ್ಟರೂ ಓಡುವ ಕಾರು

ಕುಳಿತಲ್ಲೇ ಕುಳಿತು ಮುಂದೆ ಸಾಗಬೇಕು, ಸಾಗಿಸುವ ಜವಾಬ್ದಾರಿ ಮಾತ್ರ ಬೇರೆ ಯಾರದಾದರೂ ಇರಬೇಕು ಎಂಬುದು ನನ್ನ ಬಹಳ ದಿನದ ಆಸೆ. ತೂಗುಮಂಚದ ಮೇಲೆ ಕುಳಿತಾಗ ಸಾಗಿದ ಹಾಗೇನೋ ಅನಿಸುತ್ತದೆ, ಆದರೆ ಊರು ಬರುವುದಿಲ್ಲ. ಬಸ್ಸಿನಲ್ಲಿ ಊರು ಬರುತ್ತದೆ, ಜೊತೆಗೆ ಪಕ್ಕದವರ ಬುಟ್ಟಿಯೂ ನಮ್ಮ ಮಡಿಲಿಗೆ ಬರುತ್ತದೆ. ಇನ್ನು ಉಳಿದದ್ದು ಕಾರು. ಕಾಲೇಜಿನಲ್ಲಿ ಭೂಗೋಳ ಕಲಿಸುವ ನಾನು ಪಾಠದ ನಡುವೆಯೇ ಕನಸು ಕಾಣಬಲ್ಲೆ; ಆದರೆ ನಮ್ಮ ಹಳೆಯ ಕಾರಿನ ಸ್ಟೇರಿಂಗ್ ಹಿಡಿದೆನೆಂದರೆ ಕನಸುಗಳೆಲ್ಲ ಇಳಿದು ಹೋಗುತ್ತಿದ್ದವು. ದೂರದಲ್ಲಿ ಒಂದು ಎಮ್ಮೆ ಕಂಡರೂ ಮೈಯೆಲ್ಲ ಬಿಗಿಯಾಗುತ್ತಿತ್ತು.

ಇದರ ಫಲ ಉಂಡವಳು ನನ್ನ ಹೆಂಡತಿ ನೀಲಾ. ಅವಳ ತವರು ಖಾನಾಪುರ. ಬೆಳಗಾವಿಯಿಂದ ಹೊರಟು ಟಿಳಕವಾಡಿ ದಾಟುವಷ್ಟರಲ್ಲಿ ಅವಳು ಏನೋ ಹೇಳಲು ಶುರು ಮಾಡುತ್ತಿದ್ದಳು. ನಾನು, ತಡಿ, ಎದುರಿಗೆ ಲಾರಿ ಬರುತ್ತಿದೆ ಎನ್ನುತ್ತಿದ್ದೆ. ಲಾರಿಯ ಹಿಂದೆ ಚಕ್ಕಡಿ, ಚಕ್ಕಡಿಯ ಹಿಂದೆ ಕುರಿಯ ಹಿಂಡು. ಅವಳ ಮಾತು ಖಾನಾಪುರದವರೆಗೂ ಹಾಗೇ ಕಾದು ಕುಳಿತಿರುತ್ತಿತ್ತು. ಅಲ್ಲಿ ತಾಯಿ, ತಂಗಿಯರು ಸಿಕ್ಕ ಮೇಲೆ ಅವಳ ಬಳಿ ನನಗೆ ಹೇಳಲು ಏನೂ ಉಳಿಯುತ್ತಿರಲಿಲ್ಲ. ಮನೆಯಲ್ಲಿ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಮನೆಯಲ್ಲಿ ನಾನು ಇರುತ್ತಿದ್ದೆ ನಿಜ, ಆದರೆ ನನ್ನ ಗಮನ ಕಿಟಕಿಯ ಹೊರಗೆ ಇರುತ್ತಿತ್ತು.

ಎಂಬತ್ತರ ದಶಕದ ಶುರುವಿನಲ್ಲಿ ಅವಳ ಅಣ್ಣ ಚಂದ್ರಶೇಖರ ಕುವೈತಿನಿಂದ ಮರಳುವಾಗ ಒಂದು ಕಾರು ತಂದ. ಕಾರೆಂದರೆ ನಮ್ಮ ನಡುಮನೆಯಷ್ಟು ಅಗಲ. ಸ್ಟೇರಿಂಗು ಎಡಕ್ಕೆ. ಗೇರು ತಾನೇ ಬೀಳುವುದರಿಂದ ಕ್ಲಚ್ಚೇ ಇಲ್ಲ. ಎಲ್ಲಕ್ಕಿಂತ ದೊಡ್ಡ ಬೆರಗೆಂದರೆ ಅದರ ಕ್ರೂಸ್ ಕಂಟ್ರೋಲು. ವೇಗಕ್ಕೆ ಬಂದ ಮೇಲೆ ಗುಂಡಿ ಒತ್ತಿ ಕಾಲು ತೆಗೆದುಬಿಟ್ಟರೆ ಕಾರು ಅದೇ ವೇಗದಲ್ಲಿ ತಾನೇ ಹೋಗುತ್ತದಂತೆ. ಬ್ರೇಕು ಮುಟ್ಟಿದರೆ ಮಾತ್ರ ಬಿಟ್ಟುಕೊಡುತ್ತದಂತೆ. ಚಂದ್ರಶೇಖರ ಕಾರನ್ನು ನಮ್ಮಲ್ಲಿ ಬಿಟ್ಟು, ರವಿವಾರ ಖಾನಾಪುರಕ್ಕೆ ತಂದುಕೊಡಲು ಹೇಳಿದ. ಮರುದಿನ ಅದನ್ನು ಅವನು ಗೋವೆಗೆ ಒಯ್ಯುವವನಿದ್ದ. ಅಂದರೆ ನನ್ನ ಆಸೆಗೆ ಸಿಕ್ಕಿದ್ದು ಒಂದೇ ದಾರಿ, ಒಂದೇ ಸಲ. ನೀಲಾ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು: "ಕಾಲು ಖಾಲಿ ಆದ್ರ ನಿಮ್ಮ ಕಿವೀನೂ ಖಾಲಿ ಆಗತೈತೇನ್ರಿ?" ಆಗುತ್ತದೆ ಎಂದು ಮಾತು ಕೊಟ್ಟೆ.

ಶನಿವಾರ ದಂಡಿನ ಕ್ಯಾಂಪಿನ ಅಗಲ ರಸ್ತೆಗಳಲ್ಲಿ, ಹಳೆಯ ಮರಗಳ ನೆರಳಿನಲ್ಲಿ ಪರೀಕ್ಷೆ ಮಾಡಿದೆ. ಗುಂಡಿ ಒತ್ತಿದೆ, ಕಾಲು ತೆಗೆದೆ. ಕಾರು ನಿಟ್ಟುಸಿರು ಬಿಟ್ಟು ನಿಧಾನವಾಯಿತು. ಆಟೋ ನಗರದ ಬಾಳು ಮಿಸ್ತ್ರಿಯ ಬಳಿಗೆ ಒಯ್ದೆ. ಅವನು ಇಂಥ ಗಾಡಿ ಕಂಡವನೇ ಅಲ್ಲ, ಆದರೆ ಆ ಮಾತು ಅವನ ಬಾಯಿಂದ ಬರುವ ಹಾಗಿರಲಿಲ್ಲ. ಬಾನೆಟ್ ತೆಗೆದು ನಳಿಕೆಗಳನ್ನೆಲ್ಲ ಊದಿದ, ಫ್ಯೂಜು ಬದಲಿಸಿದ, ಕಡೆಗೆ ನಮ್ಮ ದೇಶದ ಪೆಟ್ರೋಲೇ ಇದಕ್ಕೆ ಒಗ್ಗುತ್ತಿಲ್ಲ ಎಂದು ತೀರ್ಪು ಕೊಟ್ಟ. ಅಷ್ಟರಲ್ಲಿ ಹಿಂದೆ ನಿಂತು ಚಹಾ ಕುಡಿಯುತ್ತಿದ್ದ ಗಿರಾಕಿಯೊಬ್ಬ, ಹಿಂದಿನ ಕೆಂಪು ದೀಪ ಆಗಿನಿಂದ ಉರಿಯುತ್ತಲೇ ಇದೆಯಲ್ಲ ಎಂದ. ಬಾಳು ಅದನ್ನು ತಾನೇ ಕಂಡುಹಿಡಿದವನಂತೆ ಪೆಡಲಿನ ಬುಡಕ್ಕೆ ತಲೆ ತೂರಿಸಿದ. ಅಲ್ಲಿದ್ದ ಬ್ರೇಕ್ ಸ್ವಿಚ್ಚು ಸಡಿಲಾಗಿ ಹಿಂದೆ ಸರಿದಿತ್ತು. "ನೀವು ಬ್ರೇಕ್ ತುಳಕೊಂಡ ಇದೀರಿ ಅಂತ ಗಾಡಿ ತಿಳಕೊಂಡೈತ್ರಿ ಸಾಹೇಬ್ರ" ಎಂದ. ದೀಪ ಆರುವ ತನಕ ಸರಿಸಿ, ಸರಿಯಾಗಿ ಅಲ್ಲಿಗೇ ಬಿಗಿದ.

ರವಿವಾರ ಬೆಳಿಗ್ಗೆ ಪೀರನವಾಡಿ ದಾಟಿದಾಗ ಎರಡೂ ಕಡೆಯ ಗದ್ದೆಗಳ ಮೇಲೆ ಮಂಜು ಮಲಗಿತ್ತು. ಗುಂಡಿ ಒತ್ತಿದೆ. ಕಾರು ಹಿಡಿಯಿತು. ಆಹಾ! ಮರಗಳು ಬಂದು ಬಂದು ಹಿಂದೆ ಸರಿದವು, ನೆಲವೇ ಹರಿಯುತ್ತಿದೆಯೇನೋ ಅನಿಸಿತು. ನಾನು ಎಲ್ಲೋ ತೇಲಿ ಹೋಗುವಷ್ಟರಲ್ಲಿ ಕಾರು ಹಿಡಿದ ವೇಗವನ್ನು ಬಿಟ್ಟುಬಿಟ್ಟಿತು. ಮತ್ತೆ ಒತ್ತಿದೆ, ಹಿಡಿಯಿತು, ಮತ್ತೆ ಬಿಟ್ಟಿತು. ನೀಲಾ ಹಿಂದೆ ತಿರುಗಿ ಏನೋ ಹೇಳಲು ಹೋದಳು. ತಡಿ, ಯಂತ್ರದ ಸದ್ದು ಕೇಳುತ್ತಿದ್ದೇನೆ ಎಂದೆ. ಇನ್ನೊಮ್ಮೆ ಹೇಳಲು ಹೋದಳು. ಕೈ ಎತ್ತಿ ತಡೆದೆ. ಕಡೆಗೆ ದೇಸೂರಿನ ಹತ್ತಿರ ನಿಲ್ಲಿಸಿ, ಬಾಳುವಿನ ವಂಶವನ್ನೆಲ್ಲ ಮನಸಾರೆ ನೆನೆದು, ಆಮೇಲೆ ಅವಳಿಗೆ ಹೇಳು ಎಂದೆ.

"ಪ್ರತಿ ಸಲ ಗಾಡಿ ಬಿಡೂ ಮುಂದ ಹಿಂದಿನ ಮಂಜೆಲ್ಲ ಕೆಂಪಗಾಗತೈತ್ರಿ. ಭಾಳ ಚಂದ ಕಾಣತೈತಿ, ನೋಡ್ರಿ ಅನ್ನಾಕತ್ತಿದ್ದೆ."

ಮಂಜು ಕೆಂಪಾಗಬೇಕಾದರೆ ಬ್ರೇಕಿನ ದೀಪ ಹತ್ತಬೇಕು. ದೀಪ ಹತ್ತಬೇಕಾದರೆ ಬ್ರೇಕು ಒತ್ತಬೇಕು. ನಾನು ಒತ್ತಿಲ್ಲ ಎಂದು ಆಣೆ ಮಾಡುವವನಿದ್ದೆ, ಅಷ್ಟರಲ್ಲಿ ಅವಳು ಬಗ್ಗಿ ನನ್ನ ಎಡಗಾಲನ್ನು ತೋರಿಸಿದಳು. ಹುಟ್ಟಾ ಕ್ಲಚ್ಚು ತುಳಿದ ಕಾಲು ಅದು. ಇಲ್ಲಿ ಕೆಲಸವಿಲ್ಲದೆ ಅಲೆದಾಡಿ, ನಾನು ಕನಸಿಗೆ ಜಾರಿದಾಗಲೆಲ್ಲ ಮೆಲ್ಲನೆ ಹೋಗಿ ಬ್ರೇಕಿನ ಅಂಚಿನ ಮೇಲೆ ಕುಳಿತುಬಿಡುತ್ತಿತ್ತು. ಬಾಳು ಬಿಗಿದ ಸ್ವಿಚ್ಚಿಗೆ ಅಷ್ಟೇ ಸಾಕಾಗಿತ್ತು. ಬೈದ ಮಾತನ್ನೆಲ್ಲ ಹಿಂದಕ್ಕೆ ತೆಗೆದುಕೊಂಡು ಆ ಕಾಲನ್ನು ಮಡಿಸಿ ಸೀಟಿನ ಮೇಲಿಟ್ಟುಕೊಂಡೆ.

ಈ ಸಲ ಕಾರು ಬಿಡಲಿಲ್ಲ. ಮಂಜಿನೊಳಗಿಂದ ಒಂದು ಹಂಚಿನ ಮನೆ ಮೂಡಿ ಕರಗಿತು, ಬಾವಿಯ ಹತ್ತಿರ ನಿಂತ ಎತ್ತುಗಳು ಮೂಡಿ ಕರಗಿದವು. ಮೈಯಲ್ಲಿ ಭಾರವೇ ಇಲ್ಲ. ಬದುಕೆಲ್ಲ ಹೀಗೇ ಸಾಗಬಾರದೇ ಎಂದುಕೊಂಡು, ಕೊಟ್ಟ ಮಾತು ನೆನಪಾಗಿ, ಈಗ ಹೇಳು ಎಂದೆ. ತಿರುಗಿ ನೋಡಿದೆ. ನಮ್ಮ ಕಾರುಗಳಲ್ಲಿ ಚಾಲಕ ಕೂರುವ ಬಲಬದಿಯಲ್ಲಿ ಅವಳು ಕುಳಿತಿದ್ದಳು. ಕಣ್ಣು ರಸ್ತೆಯ ಮೇಲೆ, ಮುಷ್ಟಿ ಬಿಗಿ, ಬಲಗಾಲು ಕೆಳಗಿನ ಜಮಖಾನೆಯನ್ನು ಬಲವಾಗಿ ಒತ್ತಿ ಹಿಡಿದಿತ್ತು. ಇದೇನು ಮಾಡುತ್ತಿದ್ದೀಯೆ ಎಂದು ಕೇಳಿದೆ.

"ನೀವು ಬಿಟ್ಟೀರಿ. ಯಾರರ ಒಬ್ರು ಹಿಡೀಬೇಕಲ್ರಿ" ಎಂದಳು.

ಅದರಲ್ಲಿ ಸಿಟ್ಟಿರಲಿಲ್ಲ. ಒಲೆಯ ಮೇಲೆ ಹಾಲಿದೆ ಎನ್ನುವ ಹಾಗೆ ಹೇಳಿದಳು. ನಾನು ಕಿಟಕಿಯ ಹೊರಗೆ ನೋಡುತ್ತ ಕುಳಿತ ಅಷ್ಟು ವರ್ಷ ಮನೆ ತಾನೇ ಸಾಗುತ್ತಿದೆ ಎಂದು ತಿಳಿದಿದ್ದೆ. ಮಡಿಸಿದ ಕಾಲನ್ನು ಇಳಿಸಿ, ಈ ಸಲ ತಿಳಿದೇ ಬ್ರೇಕಿನ ಮೇಲಿಟ್ಟೆ. ಕಾರು ಒಂದು ಮಾವಿನ ಮರದ ಕೆಳಗೆ ನಿಂತಿತು. ಅವಳ ಕಾಲೂ ಸಡಿಲಾಯಿತು. ದೂರದಲ್ಲಿ ಹಂಚಿನ ಕಾರ್ಖಾನೆಯ ಚಿಮಣಿ ಕಾಣುತ್ತಿತ್ತು. ಚಿಕ್ಕವಳಿದ್ದಾಗ ಅಲ್ಲಿಂದ ಒಡೆದ ಹಂಚಿನ ಚೂರು ಆಯ್ದು ತಂದು ಕುಂಟೆಬಿಲ್ಲೆ ಆಡುತ್ತಿದ್ದದ್ದನ್ನು ಹೇಳಿದಳು. ಮದುವೆಯಾದ ಹೊಸದರಲ್ಲಿ ಶುರು ಮಾಡಿದ ಮಾತಂತೆ ಅದು; ಪ್ರತಿ ಸಲವೂ ಸರಿಯಾಗಿ ಅಲ್ಲಿಗೇ ಒಂದು ಲಾರಿ ಬರುತ್ತಿತ್ತಂತೆ. ಆಮೇಲೆ ಇನ್ನೂ ಬೇಕಾದಷ್ಟು ಹೇಳಿದಳು. ಮಂಜು ಪೂರ್ತಿ ಕರಗಿ ಬಿಸಿಲು ಏರಿತು.

ಖಾನಾಪುರದಲ್ಲಿ ಚಂದ್ರಶೇಖರ ಬಾಗಿಲಲ್ಲೇ ನಿಂತು ಕಾಯುತ್ತಿದ್ದ. ಗಾಡಿ ತಾನೇ ಓಡಿತೇ ಎಂದು ಆಸೆಯಿಂದ ಕೇಳಿದ. ಬಹಳ ಚೆನ್ನಾಗಿ ಓಡಿತು ಎಂದೆ. ಮತ್ತೆ ಇಷ್ಟು ತಡ ಯಾಕೆ ಎಂದು ಅವನು ಕೇಳಿದ್ದಕ್ಕೆ, ಇದ್ದಕ್ಕಿದ್ದಂತೆ ಎದುರಿಗೆ ಬಹಳ ಲಾರಿಗಳು ಬಂದವು ಎಂದುಬಿಟ್ಟೆ.