ನಲವತ್ತೆಂಟು ಸೆಕೆಂಡಿನ ಕಛೇರಿ

ತ್ರಿವಿಕ್ರಮ ಆ ಕೃತಿಯನ್ನು ಆರಿಸಿಕೊಂಡಿದ್ದು ಅದು ಚೆನ್ನಾಗಿದೆ ಎಂದಲ್ಲ. ನಲವತ್ತೆಂಟು ಸೆಕೆಂಡಿನಲ್ಲಿ ಮುಗಿಯುತ್ತದೆ ಎಂದು.

ಪಿಯಾನೋ ಎಂದರೆ ಅವನಿಗೆ ಪ್ರಾಣ, ಸಭೆ ಎಂದರೆ ಪ್ರಾಣಸಂಕಟ. ಆದರೆ ವರ್ಷಕ್ಕೊಮ್ಮೆ ನಾಲ್ಕು ಜನರ ಮುಂದೆ ನುಡಿಸದವರಿಗೆ ಪಾಠವಿಲ್ಲ ಎಂಬುದು ಮರ್ಸರ್ ಐಲ್ಯಾಂಡಿನ ಅವನ ಟೀಚರ್ ನಿಯಮ. ಈಗಿನ ಇಟಲಿಯ ಸಂಗೀತಗಾರರು ಒಂಟಿ ಪಿಯಾನೋಗೆಂದು ಬರೆದ ಪುಟ್ಟ ಕೃತಿಗಳ ಪುಸ್ತಕವನ್ನು ಅವರೇ ಕೊಟ್ಟಿದ್ದರು. ಅದರಲ್ಲಿ ಎಲ್ಲಕ್ಕಿಂತ ಪುಟ್ಟದ್ದು ಎತ್ತೊರೆ ಎಂಬವರದು. ಚುಚ್ಚುಮದ್ದಿನ ಹಾಗೆ, ಹಲ್ಲು ಕಚ್ಚುವುದರೊಳಗೆ ಆಗಿಹೋಗಬೇಕು ಎಂಬುದು ತ್ರಿವಿಕ್ರಮನ ಲೆಕ್ಕ.

ಹೆಂಡತಿ ಮೈತ್ರಿ ಬಾಯಿ ತಪ್ಪಿ ಈ ವಿಷಯ ಪಕ್ಕದ ಮನೆಯ ವಸಂತಲಕ್ಷ್ಮಿಗೆ ಹೇಳಿದಳು. ಆಕೆ ಅಲ್ಲಿನ ಕನ್ನಡಿಗರ ವಾಟ್ಸ್ಯಾಪ್ ಗುಂಪಿಗೆ ಹೇಳಿದರು.

ಭಾನುವಾರ ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಟೀಚರ್ ಮನೆಯ ಹಾಲಿನಲ್ಲಿ ಮೊದಲ ಸರದಿ ತ್ರಿವಿಕ್ರಮನದೇ. ಟೀಚರ್ ಮುಂದಿನ ಸಾಲಿನ ಬಿಳಿಗಡ್ಡದ ಮುದುಕರನ್ನು ತೋರಿಸಿ, "ಎತ್ತೊರೆಯವರೇ ಬಂದಿದ್ದಾರೆ, ನಿಮ್ಮ ಅದೃಷ್ಟ," ಎಂದರು. ತ್ರಿವಿಕ್ರಮನ ಬೆರಳುಗಳು ಎಣ್ಣೆಗೆ ಬಿದ್ದ ಹಪ್ಪಳದಂತೆ ಸುರುಟಿಕೊಂಡವು. ಹೇಗೋ ನುಡಿಸಿದ, ಎದ್ದು ಕೈಮುಗಿದ. ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಬಾಗಿಲು ತೆರೆಯಿತು.

ಕೋಡುಬಳೆ ಡಬ್ಬಿ ಹಿಡಿದ ವಸಂತಲಕ್ಷ್ಮಿ, ಹಿಂದೆ ಎಂಟು ಜನ.

"ಅಯ್ಯೋ, ಮುಗ್ದೇ ಹೋಯ್ತಾ? ಪಾರ್ಕಿಂಗ್ ಹುಡುಕೋದ್ರಲ್ಲೇ ಲೇಟಾಯ್ತು ಕಣಪ್ಪ. ಇನ್ನೊಂದ್ಸಲ ಬಾರಿಸು, ನಮ್ಮೋರಿಗಿಲ್ದೆ ಇನ್ಯಾರಿಗೆ?"

ಟೀಚರ್ ಕುರ್ಚಿ ಎಳೆದು ಹಾಕಿದರು. ತ್ರಿವಿಕ್ರಮ ಮತ್ತೆ ನುಡಿಸಿದ. ಕೊನೆಯ ಸ್ವರ ಆರುವ ಮೊದಲೇ ದೂರದ ಎವರೆಟ್‌ನಿಂದ ನೀಲಕಂಠಪ್ಪ, ಗೌರಾದೇವಿ ದಂಪತಿ ಬಂದರು.

"ಐವತ್ತು ನಿಮಿಷ ಗಾಡಿ ಹೊಡ್ಕೊಂಡ ಬಂದೀವ್ರೀ," ಎಂದರು ನೀಲಕಂಠಪ್ಪ. "ಹಿಂಗ ಬರಿಗೈಲೇ ಕಳಸ್ತೀರೇನು?"

ಎತ್ತೊರೆ ಎದ್ದು ತಮ್ಮ ಕುರ್ಚಿಯನ್ನು ಗೌರಾದೇವಿಗೆ ಬಿಟ್ಟುಕೊಟ್ಟು ಗೋಡೆಗೊರಗಿ ನಿಂತರು. ಮೂರನೆಯ ಸಲವೂ ಆಯಿತು. ಆಗ ವಸಂತಲಕ್ಷ್ಮಿಯ ಮಗ ಸುಹಾಸ್ ಮೊಬೈಲು ನೋಡಿ ತಲೆ ಕೆರೆದುಕೊಂಡ.

"ಸಾರಿ ಅಂಕಲ್, ಸೆಲ್ಫಿ ಕ್ಯಾಮೆರಾ ಆನ್ ಆಗಿತ್ತು. ಪೂರ್ತಿ ನನ್ ಮೂಗೇ ಬಂದಿದೆ."

ನಾಲ್ಕನೆಯ ಸಲ, ನಡುವೆ ಸಂಗೀತ ಒಂದು ಉಸಿರು ಸುಮ್ಮನಾಗುವಲ್ಲಿ, ಮುಗಿಯಿತೆಂದು ಇಡೀ ಕನ್ನಡ ಸಾಲು ಚಪ್ಪಾಳೆ ತಟ್ಟಿತು. ತಮ್ಮ ಸರದಿ ಮುಂದೆ ಹೋದ ಖುಷಿಯಲ್ಲಿ ಉಳಿದ ವಿದ್ಯಾರ್ಥಿಗಳು ಇನ್ನೂ ಜೋರಾಗಿ ತಟ್ಟಿದರು. "ಪಾಪ, ಕೆಡಿಸಿಬಿಟ್ವಿ. ಮೊದಲಿಂದ ಬಾರಿಸಪ್ಪ," ಎಂದರು ವಸಂತಲಕ್ಷ್ಮಿ.

ಐದನೆಯ ಸಲ ಮುಗಿಯುವಾಗ ತ್ರಿವಿಕ್ರಮನ ಅಂಗಿ ಹಿಂಡಿದರೆ ಒಂದು ಚೊಂಬು ನೀರು ಬರುವಂತಿತ್ತು. ಎತ್ತೊರೆ ಬಂದು ಅವನ ಎರಡೂ ಕೈ ಹಿಡಿದುಕೊಂಡರು. ಮುದುಕರ ಕಣ್ಣು ತುಂಬಿತ್ತು.

"ಮೂವತ್ತು ವರ್ಷದಿಂದ ಚಿಕ್ಕದನ್ನೇ ಬರೆದೆ. ಉದ್ದ ಬರೆದರೆ ಜನ ಎದ್ದುಹೋಗ್ತಾರೆ ಅನ್ನೋ ಭಯ. ನಿಮ್ಮವರು ನಾಲ್ಕು ಸಲ ಕೇಳಿದರು. ನನ್ನ ಭಯ ಹೋಯ್ತು. ಮುಂದಿನ ವರ್ಷದ ಸಭೆಗೆ ನಿಮ್ಮ ಹೆಸರಲ್ಲೇ ಒಂದು ಬರೀತೀನಿ, ನೀವೇ ನುಡಿಸಬೇಕು."

"ತುಂಬ ಸಂತೋಷ," ಎಂದರು ಟೀಚರ್, ಆಗಲೇ ಡೈರಿ ತೆರೆದು.

"ಎಷ್ಟು... ಎಷ್ಟು ಹೊತ್ತಿನದು?" ಎಂದ ತ್ರಿವಿಕ್ರಮ.

"ಒಂದೂವರೆ ಗಂಟೆ."

ವಸಂತಲಕ್ಷ್ಮಿ ಅವನ ಕೈಗೊಂದು ಕೋಡುಬಳೆ ಇಟ್ಟು ಬೆನ್ನು ಸವರಿದರು. "ಒಳ್ಳೇದೇ ಆಯ್ತು ಬಿಡು. ನಾವು ಊಟ ಮುಗಿಸ್ಕೊಂಡೇ ಬರಬಹುದು."