ಎಲ್ಲಾ ಸೇರಿ ಎಷ್ಟೊತ್ತು?

ನಮ್ಮ ಚಿಕ್ಕಪ್ಪನನ್ನು ಏನು ಬೇಕಾದರೂ ಕೇಳಿ, 'ಎಷ್ಟು ಹೊತ್ತು ಹಿಡಿಯುತ್ತೆ?' ಅಂತ ಮಾತ್ರ ಕೇಳಬೇಡಿ. ಕೇಳಿದಿರೋ, ಆವತ್ತಿನ ನಿಮ್ಮ ಕೆಲಸವೆಲ್ಲ ಕೆಟ್ಟ ಹಾಗೇ! 'ಎಲ್ಲಿಂದ ಎಣಿಸಲಿ?' ಅಂತ ಶುರುಮಾಡುತ್ತಾರೆ.

ತಪ್ಪು ಅವರದಲ್ಲ, ಕಸುಬಿನದು. ಹಾಸನದ ಕಾಲೇಜೊಂದರಲ್ಲಿ ಪಾಠ ಮಾಡುತ್ತಾ, ಮಿಕ್ಕ ಹೊತ್ತಿನಲ್ಲಿ ಎರಡು ಯಂತ್ರಗಳಿಗೆ ಕುಸ್ತಿ ಹಚ್ಚುವುದು ಅವರ ಸಂಶೋಧನೆ. ಒಂದು, ಮೇಜಿನ ಮೇಲಿನ ಮಾಮೂಲಿ ಕಂಪ್ಯೂಟರ್. ಇನ್ನೊಂದು, ಕ್ವಾಂಟಮ್ ಅನೀಲರ್ ಎಂಬ ಹೊಸ ನಮೂನೆಯ ಕಂಪ್ಯೂಟರ್ ಮಹಾಶಯ. ಯಾವುದೋ ದೇಶದಲ್ಲಿ ಕಡುಚಳಿಯ ಪೆಟ್ಟಿಗೆಯೊಳಗೆ ಕೂತಿರುತ್ತಾನೆ. ಇಂಟರ್ನೆಟ್ಟಿನಲ್ಲಿ ಲೆಕ್ಕ ಕಳಿಸಿದರೆ ಉತ್ತರ ಕಳಿಸುತ್ತಾನೆ. ನೂರಾರು ದಾರಿಗಳಲ್ಲಿ ಅತಿ ಹತ್ತಿರದ್ದು ಯಾವುದು ಅನ್ನುವಂಥ ಲೆಕ್ಕ. ಕಣ್ಣು ಮಿಟುಕಿಸುವುದರೊಳಗೆ ಹೇಳುತ್ತಾನಂತೆ ಎಂದು ಲೋಕವೆಲ್ಲ ಕೊಂಡಾಡಿದರೂ ಚಿಕ್ಕಪ್ಪ ಒಪ್ಪಬೇಕಲ್ಲ! ಲೆಕ್ಕವನ್ನು ಅವನಿಗೆ ತಿಳಿಯುವಂತೆ ಬರೆದ ಹೊತ್ತು, ಸರದಿಯಲ್ಲಿ ಕಾದ ಹೊತ್ತು, ಉತ್ತರದ ತಪ್ಪು ತಿದ್ದಿದ ಹೊತ್ತು, ಎಲ್ಲ ಸೇರಿಸಿದ ಮೇಲೆ ಗೆದ್ದವರು ಯಾರು ನೋಡೋಣ ಅನ್ನುತ್ತಾರೆ.

ಈ ನ್ಯಾಯ ಮನೆಯೊಳಗೂ ನುಗ್ಗಿತು. ಮಿಕ್ಸಿ ಮೇಲೋ ಒರಳು ಮೇಲೋ ಎಂದು ಚಿಕ್ಕಮ್ಮನ ಪಕ್ಕ ಮೊಬೈಲ್ ಹಿಡಿದು ಕೂತರು. ಮಿಕ್ಸಿಯ ಮುಚ್ಚಳ ಹುಡುಕಿದ್ದನ್ನೂ ತೊಳೆದದ್ದನ್ನೂ ಸೇರಿಸಿ ಒರಳನ್ನು ಗೆಲ್ಲಿಸಿದರು. "ಇನ್ಮ್ಯಾಕೆ ಗೆದ್ದಿದ್ರಲ್ಲೇ ನೀವೇ ರುಬ್ಬಿ" ಅಂದರು ಚಿಕ್ಕಮ್ಮ. ಅಲ್ಲಿಗೆ ಆ ಸಂಶೋಧನೆ ನಿಂತಿತು. ಬಸ್‌ಸ್ಟ್ಯಾಂಡಿನಲ್ಲಿ 'ಐದೇ ನಿಮಿಷ ಸಾ' ಅಂದ ಆಟೋದವನಿಗೆ, ನಿನ್ನ ಆಟೋ ಸ್ಟಾರ್ಟ್ ಆಗೋದೂ ಸೇರಿ ಹೇಳಪ್ಪ ಅಂದವರು ಇವರು!

ಇಂಥವರ ಕೈಗೆ ನನ್ನ ಮದುವೆಯ ಪತ್ರಿಕೆಗಳು ಸಿಕ್ಕವು. ಅಪ್ಪ ತೀರಿಕೊಂಡಿದ್ದರಿಂದ ಯಜಮಾನಿಕೆ ಅವರದೇ. ಮನೆಮನೆಗೆ ಹೋಗಿ ಕುಂಕುಮವಿಟ್ಟು ಕರೆಯಬೇಕು; ಮನೆಯ ಹೆಣ್ಣುಮಗಳಿಗೇ ಮೊದಲ ಪತ್ರಿಕೆ. ಅಂದರೆ ಅರಕಲಗೂಡಿನ ಅತ್ತೆಗೆ, ಅಪ್ಪನ ಅಕ್ಕನಿಗೆ. ಅಪ್ಪ ಹೋದಂದಿನಿಂದ ಅತ್ತೆ ನಮ್ಮೊಂದಿಗೆ ಮಾತು ಬಿಟ್ಟಿದ್ದರು. ಅಪ್ಪ ಕಾಯಿಲೆ ಬಿದ್ದಾಗ ಮೈಸೂರಿಗೆ ಒಯ್ಯಿರಿ ಎಂದು ಅವರು, ಹತ್ತಿರದ ಆಸ್ಪತ್ರೆಯೇ ಸರಿ ಎಂದು ಚಿಕ್ಕಪ್ಪ. ಎಲ್ಲಿಗೆ ಹೋಗಿದ್ದರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರೇ ಹೇಳಿದರೂ ಅತ್ತೆಯ ಸಿಟ್ಟು ಇಳಿಯಲಿಲ್ಲ. ಅಪ್ಪನದೇ ಮುಖ ಅತ್ತೆಯದು. ಅವರೂ ಬರದಿದ್ದರೆ ಹಸೆಮಣೆ ಏರಲು ನನಗೆ ಮನಸ್ಸಿರಲಿಲ್ಲ.

ಚಿಕ್ಕಪ್ಪ ನೆಂಟರ ಊರುಗಳನ್ನು ಎರಡೂ ಯಂತ್ರಕ್ಕೆ ಕೊಟ್ಟರು. ಮಹಾಶಯ ಹಿರೀಸಾವೆಯನ್ನೇ ಮರೆತು ಕಟ್ಟಾಯಕ್ಕೆ ಎರಡು ಸಲ ಕಳಿಸಿದ! ತಿದ್ದಿದ ಮೇಲೆ ಎರಡರದೂ ಒಂದೇ ಉತ್ತರ: ಕಟ್ಟಾಯ, ಚನ್ನರಾಯಪಟ್ಟಣ, ಹಿರೀಸಾವೆ, ಹೊಳೆನರಸೀಪುರ, ಕೊನೆಗೆ ಅರಕಲಗೂಡು, ಅಲ್ಲಿಂದ ವಾಪಸ್ ಹಾಸನ. ಅರಕಲಗೂಡು ಕೊನೆಗಾ ಎಂದು ಅಮ್ಮ ಗಾಬರಿಯಾದರೆ, ದೂರ ಕಡಿಮೆ ಅತ್ತಿಗೆ ಎಂದು ಚಿಕ್ಕಪ್ಪ ಕಾರು ಹತ್ತಿದರು. ಓಡಿಸುತ್ತಿದ್ದವಳು ನಾನು. ಕುಂಕುಮದ ಬಟ್ಟಲು ಹಿಡಿದ ಚಿಕ್ಕಮ್ಮ ಹಿಂದಿನ ಸೀಟಿನಲ್ಲಿ.

ಹೊಳೆನರಸೀಪುರ ದಾಟಿದ ಮೇಲೆ ನನಗೆ ಹೊಳೆಯಿತು. ಇದೇ ಸುತ್ತನ್ನು ಆ ಕಡೆಯಿಂದ ಹೊಡೆದಿದ್ದರೂ ಅಷ್ಟೇ ದೂರ ಅಲ್ಲವೇ ಚಿಕ್ಕಪ್ಪ, ಅತ್ತೆ ಮನೆಯೇ ಮೊದಲಾಗುತ್ತಿತ್ತಲ್ಲ ಎಂದೆ. ಅಷ್ಟೇ ದೂರ ಕಣಮ್ಮ ಅಂದರು, ಕಿಟಕಿಯ ಕಡೆ ತಿರುಗಿ. ಲೆಕ್ಕ ತಪ್ಪಿರಲಿಲ್ಲ, ಧೈರ್ಯ ಸಾಲದಾಗಿತ್ತು.

ಸುದ್ದಿ ಆಗಲೇ ಅರಕಲಗೂಡಿಗೆ ಫೋನಿನಲ್ಲಿ ತಲುಪಿತ್ತು. ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದರು.

"ಏನ್ಲಾ, ಎಲ್ರಿಗೂ ಕೊಟ್ಟು ಮಿಕ್ಕಿದ್ದ ನಂಗ್ ತಂದ್ಯಾ? ಆಸನದಿಂದ ಇಲ್ಲಿಗ್ ಬರಾಕೆ ಎಷ್ಟೊತ್ ಬೇಕ್ಲಾ?"

ಅಯ್ಯೋ, ಕೇಳಬಾರದ್ದನ್ನೇ ಕೇಳಿದರಲ್ಲ! 'ಎಲ್ಲಿಂದ ಎಣಿಸಲಿ' ಅಂದುಬಿಡುತ್ತಾರೆಂದು ಚಿಕ್ಕಮ್ಮ ಅವರ ತೋಳು ಹಿಡಿದರು. ಚಿಕ್ಕಪ್ಪ ತಲೆ ತಗ್ಗಿಸಿದರು.

"ಅಣ್ಣ ತೀರ್ಕೊಂಡ ದಿನಾನೇ ಹೊರಟಿದ್ದೆ ಕಣಕ್ಕಾ. ಇವತ್ ಬಂದ್ ಮುಟ್ದೆ."

ನನಗೆ ಅಳು ತಡೆಯಲಾಗಲಿಲ್ಲ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಪತ್ರಿಕೆಗೆ ಕೈ ಚಾಚಿ, ಬಾಗಿಲಿನಿಂದ ಪಕ್ಕಕ್ಕೆ ಸರಿದರು.

"ಒಳೀಕ್ ಬಾ. ಕಾಪಿ ಕುಡ್ಯೋ ಹೊತ್ತೂ ಸೇರಿಸ್ಕೋ."