ಉಳ್ಳಾಗಡ್ಡಿಗೆ ಹೋದ ಕತ್ತಿ

ನಮ್ಮಣ್ಣ ಹುಟ್ಟುವುದಕ್ಕೆ ನೂರು ವರ್ಷ ತಡ ಮಾಡಿದ. ಮೊದಲೇ ಹುಟ್ಟಿದ್ದರೆ ಆನೆಗೊಂದಿಯ ಬಂಡೆಗಳ ನಡುವೆ ಡಕಾಯಿತನಾಗಿ ಮೆರೆದು, ಗಲ್ಲಿಗೇರಿ ಹೆಸರು ಮಾಡಿರುತ್ತಿದ್ದ! ಈಗ ಗಂಗಾವತಿಯಲ್ಲಿ ಅಂಗಿ ಹೊಲಿಯುತ್ತಾನೆ. ಕೋಳಿ ಕೊಯ್ಯುವುದನ್ನು ಕಂಡರೂ ಕಣ್ಣು ಮುಚ್ಚಿಕೊಳ್ಳುತ್ತಾನೆ. ಆದರೆ ಹಿಂದಿನ ಕಾಲದಲ್ಲಿ ಯಾವ ಕಳ್ಳನ ಕೈ ಕಡಿಯುತ್ತಿದ್ದರು, ಯಾರನ್ನು ಶೂಲಕ್ಕೇರಿಸುತ್ತಿದ್ದರು, ಯಾರನ್ನು ಆನೆಯ ಕಾಲಿಗೆ ಹಾಕುತ್ತಿದ್ದರು ಎಂಬುದನ್ನು ಕೇಳಿದರೂ ಹೇಳುತ್ತಾನೆ, ಕೇಳದಿದ್ದರೂ ಹೇಳುತ್ತಾನೆ. ನಾನು ನಾಲ್ಕನೇ ಇಯತ್ತೆಗೇ ಸಾಲೆ ಬಿಟ್ಟವಳು. ನನಗೆ ಗೊತ್ತಿರುವ ಚರಿತ್ರೆಯೆಲ್ಲ ಅವನು ಹೇಳಿದ್ದೇ. ಅದರಲ್ಲಿ ಎಷ್ಟು ನಿಜವೋ, ದೇವರೇ ಬಲ್ಲ!

ಒಮ್ಮೆ ಸಿದ್ದಾಪುರದ ರೈತನೊಬ್ಬ ಅಂಗಿಯ ಅಳತೆ ಕೊಡಲು ನಿಂತಿದ್ದ. ಅಣ್ಣ ಅವನ ಕುತ್ತಿಗೆಗೆ ಟೇಪು ಸುತ್ತಿ, ಗಲ್ಲಿನ ಹಗ್ಗದ ಉದ್ದವನ್ನು ಹೇಗೆ ಗೊತ್ತು ಮಾಡುತ್ತಿದ್ದರೆಂದು ವಿವರಿಸತೊಡಗಿದ.

"ಯಣ್ಣಾ, ಅಂಗಿ ಹೊಲಿತಿಯೋ, ನನ್ನ ನೇತ ಹಾಕ್ತಿಯೋ?"

"ಸುಮ್ನ ನಿಂದರೋ ಮಾರಾಯಾ. ನಿನ್ನಂಥ ದಪ್ಪ ಆಳಿಗೆ ಗಿಡ್ಡ ಹಗ್ಗ ಸಾಕು."

ರೈತ ಬಟ್ಟೆ ಎತ್ತಿಕೊಂಡು ನಡೆದ!

ಹಳೆಯ ಬಾವಿಯೊಂದರ ಹೂಳಿನಲ್ಲಿ ಅವನಿಗೆ ಒಂದು ಕಾಲುಬೇಡಿ, ಒಂದು ಕತ್ತಿ ಸಿಕ್ಕಿದ್ದವು. ಬೇಡಿಯನ್ನು ಎಣ್ಣೆಯಲ್ಲಿ ನೆನೆಸಿ, ನಮಗೆ ತೋರಿಸಲೆಂದು ತನ್ನ ಕಾಲಿಗೇ ಹಾಕಿಕೊಂಡ. ಹಾಕಿದ್ದು ಬಿಚ್ಚಲಿಲ್ಲ! ಬೈಕಿನ ಹಿಂದೆ ಒಂದೇ ಮಗ್ಗುಲಿಗೆ ಕಾಲು ಇಳಿಬಿಟ್ಟು ವೆಲ್ಡಿಂಗ್ ಅಂಗಡಿಗೆ ಹೊರಟ.

"ಯಾಕ್ರಿ ಟೇಲರ್, ಹೆಂಗಸರಂಗ ಕುಂತೀರಿ?" ದಾರಿಯಲ್ಲಿ ಯಾರೋ ಕೇಳಿದರು.

"ಹೆಂಗಸರಂಗ ಅಲ್ರಿ, ಕೈದಿಯಂಗ!" ಎಂದು ಬೈಕಿನ ಮೇಲಿಂದಲೇ ಕೂಗಿದನಂತೆ.

ಆ ಕತ್ತಿಯನ್ನು ಮಾತ್ರ ಪಡಸಾಲೆಯ ಗೋಡೆಗೆ ತೂಗುಹಾಕಿದ್ದ. ಪ್ರತಿ ಆಯುಧಪೂಜೆಗೆ ಹೊಲಿಗೆ ಮಷೀನಿನ ಪಕ್ಕ ಅದನ್ನೂ ಇಟ್ಟು, ಕುಂಕುಮ ಹಚ್ಚಿ, ಅದನ್ನು ಹಿಡಿದಿದ್ದ ನಿಜಾಮನ ಕಾಲದ ಡಕಾಯಿತನ ಕಥೆ ಹೇಳುತ್ತಿದ್ದ. ಸಾಹುಕಾರ ನೆಲದಡಿ ಕಾಳು ತುಂಬಿಟ್ಟ ಹಗೇವು ಒಡೆದು ಊರಿಗೆಲ್ಲ ಜೋಳ ಹಂಚಿದವನಂತೆ. ವರ್ಷವರ್ಷಕ್ಕೆ ಅವನು ಒಂದು ಗೇಣು ಎತ್ತರವಾಗುತ್ತಿದ್ದ, ಒಂದೊಂದು ವರ್ಷ ಒಂದೊಂದು ಥರ ಸಾಯುತ್ತಿದ್ದ. ಹೇಗೆ ಸತ್ತರೂ ನಾನು ಅಳುತ್ತಿದ್ದೆ.

ಗಂಡ ತೀರಿದ ಮೇಲೆ ಮಗಳೊಂದಿಗೆ ಅಣ್ಣನ ಮನೆ ಸೇರಿದವಳು ನಾನು. ಹೋದ ವರ್ಷ ಮಗಳನ್ನು ನೋಡಲು ಬೀಗರು ಬರುವ ದಿನ ನನಗೆ ದಿಗಿಲು ಹತ್ತಿತು. ಗೋಡೆಗೆ ಕತ್ತಿ ಇರುವ ಮನೆಯಿಂದ ಯಾರು ಹೆಣ್ಣು ತರುತ್ತಾರೆ? ಅಷ್ಟರಲ್ಲಿ ಓಣಿಯಲ್ಲಿ ಕೂಗು: "ಹಳೇ ಕಬ್ಬಿಣ ಕೊಡ್ರಿ, ಉಳ್ಳಾಗಡ್ಡಿ ತಗೋರಿ!"

ಕೊಟ್ಟುಬಿಟ್ಟೆ.

"ಪಲ್ಯ ಭಾಳ ಛಲೋ ಆಗೇತ್ರಿ," ಎಂದು ಬೀಗರು ಆ ಈರುಳ್ಳಿ ಪಲ್ಯಕ್ಕೆ ಬೆರಳು ಚೀಪಿದರು. ಡಕಾಯಿತನ ಕತ್ತಿಯನ್ನು ತಿಂದು ತೇಗಿದ್ದು ಅವರಿಗೇನು ಗೊತ್ತು! ಸಂಬಂಧ ಗಟ್ಟಿಯಾಯಿತು.

ಬೀಗರ ಉಪಚಾರದ ಗಡಿಬಿಡಿ ಮುಗಿದು, ಸಂಜೆ ಅಣ್ಣ ಬರಿಗೋಡೆ ನೋಡಿದ. ನಾನು "ನನಗೇನ್ ಗೊತ್ತಿಲ್ಲ" ಎಂದೆ. ಅವನು ನಗುತ್ತಲೇ ವಿಚಾರಣೆ ಶುರು ಮಾಡಿದ. ಹಿಂದಿನವರು ಸಂಶಯ ಬಂದವರಿಗೆ ಒಣ ಅಕ್ಕಿ ಅಗಿಯಲು ಕೊಡುತ್ತಿದ್ದರಂತೆ. ತಪ್ಪು ಮಾಡಿದವರ ಬಾಯಿ ಹೆದರಿಕೆಗೆ ಒಣಗಿ, ಅಕ್ಕಿ ಹಸಿಯಾಗುವುದಿಲ್ಲವಂತೆ. ಅಣ್ಣನ ಹೆಂಡತಿ, ನಮ್ಮ ವೈನಿ, ಅಗಿದು ಉಗುಳಿದಳು, ಮಗಳು ನಗುತ್ತ ಉಗುಳಿದಳು. ನನ್ನ ಬಾಯಲ್ಲಿ ಅಕ್ಕಿ ಮರಳಿನಂತೆ ಕರಕರ ಎನ್ನುತ್ತಿತ್ತು. ಅಣ್ಣ ನನ್ನ ಮುಖ ನೋಡಿದ. ಅವನ ನಗು ನಿಂತಿತು.

"ನೀ ಮೊದ್ಲ ನೀರ ಕುಡಿ ತಂಗಿ. ಒಣ ಅಕ್ಕಿ ಗಂಟಲಿಗೆ ಹತ್ತೀತು," ಎಂದು ತಾನೇ ತಂಬಿಗೆ ತಂದು ಕೊಟ್ಟ. ಆಮೇಲೆ ಎಲ್ಲರಿಗೂ ತೀರ್ಪು ಹೇಳಿದ: "ಮನ್ಯಾಗ ಕಳ್ಳರಿಲ್ಲ."

ಅಂದಿನಿಂದ ಮನೆಯಲ್ಲಿ ಕಥೆಯೂ ಇಲ್ಲ. ಕುತ್ತಿಗೆಯ ಅಳತೆಯನ್ನು ಮಾತಿಲ್ಲದೆ ತೆಗೆಯುತ್ತಾನೆ. ಈ ಸಲದ ಆಯುಧಪೂಜೆಯಲ್ಲಿ ಮಷೀನಿಗೆ ಕುಂಕುಮ ಹಚ್ಚಿ ಎದ್ದುಹೋದ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಒಂದೇ ಒಂದು ಸುಳ್ಳು ಕಥೆಗಾಗಿ ಎಷ್ಟು ಸಂಜೆ ಬಾಗಿಲಲ್ಲಿ ಕಾದಿದ್ದೇನೆ!

ಮೊನ್ನೆ ಚಹಾ ಕೊಡಲು ಹೋದವಳು ತಡೆಯದೆ ಕೇಳಿದೆ: "ಯಣ್ಣಾ, ಒಂದು ಕಥಿ ಹೇಳೋ."

"ಯಾರದು?"

"ತನ್ನ ಮನ್ಯಾಗ ತಾನ ಕದ್ದ ಹೆಣ್ಣಮಗಳದು. ಆಕಿ ಸಿಕ್ಕ ಮ್ಯಾಲ ಏನ್ ಶಿಕ್ಷಾ ಕೊಟ್ರು?"

ಮಷೀನು ನಿಂತಿತು. ಅಣ್ಣ ತಲೆಯೆತ್ತಲಿಲ್ಲ.

"ಆಕಿ ಸಿಗಲಿಲ್ಲ ತಂಗಿ," ಅಂದ. "ಹುಡುಕಾಕ ಹ್ವಾದಾವ ಆಕಿ ಅಣ್ಣ ಇದ್ದ."